ಕಪ್ಪು ನಿಕಾನ್ ಎಫ್ ಕೊಳ್ಳುವ ಮೊದಲು ಮೂಲೆ ನೋಡಿ

1959ರಲ್ಲಿ ಬಂದ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್ ಹೆಚ್ಚಾಗಿ ಸಿಗುವುದು ಬೆಳ್ಳಿ ಬಣ್ಣದ ಕ್ರೋಮ್‌ನಲ್ಲಿ. ಕಪ್ಪು ಕಡಿಮೆ, ರೇಟು ಜಾಸ್ತಿ. ಅದಕ್ಕೇ ಕ್ರೋಮ್ ಕ್ಯಾಮೆರಾಕ್ಕೆ ಕಪ್ಪು ಬಳಿದು ಮಾರುವವರೂ ಇದ್ದಾರೆ. ಶಿರಸಿಯಲ್ಲಿ ಒಮ್ಮೆ ನಾನೇ ಟೋಪಿ ಹಾಕಿಸಿಕೊಂಡಿದ್ದೇನೆ.

ಮೊದಲು ಮೂಲೆಗಳನ್ನು ನೋಡಿ. ಕಂಪನಿ ಬಣ್ಣ ಸವೆದಲ್ಲಿ ಕಪ್ಪಿನ ಕೆಳಗೆ ನೇರವಾಗಿ ಹಳದಿ ಹಿತ್ತಾಳೆ ಕಾಣುತ್ತದೆ. ನಡುವೆ ಬಿಳಿ ಹೊಳಪು ಇಣುಕಿದರೆ ಅದು ಕ್ರೋಮ್, ಅಂದರೆ ಆಮೇಲೆ ಬಳಿದದ್ದು. ಕ್ರೋಮ್ ಪೂರ್ತಿ ತೆಗೆದು ಬಳಿದಿದ್ದರೆ ಮಾತ್ರ ಈ ಪರೀಕ್ಷೆ ಸಾಲದು. ಆಗ ಅಕ್ಷರ ನೋಡಿ. ನಿಮ್ಮ 50 ಎಂಎಂ ಲೆನ್ಸನ್ನು ತಿರುಗಿಸಿ ಹಿಡಿದರೆ ಅದೇ ಭೂತಗನ್ನಡಿ, ಬೇರೆ ಏನೂ ಬೇಡ. ಮುಂದೆ ಕೊರೆದ ನಿಕಾನ್ ಹೆಸರು, ಶಟರ್ ವೇಗದ ಡಯಲ್ ಮೇಲಿನ ಅಂಕಿಗಳ ಅಂಚು ಚೂಪಾಗಿರಬೇಕು. ಗೀರಿನೊಳಗೆ ಕಪ್ಪು ಇಳಿದು ಅಂಚು ಮೊಂಡಾಗಿದ್ದರೆ ಅನುಮಾನ ಪಡಿ. ಸ್ಕ್ರೂ ತಲೆ ಕಿತ್ತುಹೋಗಿದ್ದರೂ ಅಷ್ಟೇ, ಯಾರೋ ಬಿಚ್ಚಿದ್ದಾರೆ.

ಇನ್ನೊಂದು ಮೋಸ ಇದೆ, ಇದು ಗೊತ್ತಿಲ್ಲದೆಯೂ ಆಗುತ್ತದೆ. ಈ ಕ್ಯಾಮೆರಾದ ಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಮೇಲಿನ ಭಾಗ, ಬಿಚ್ಚಿ ಬರುತ್ತದೆ, ತಳದ ಕೀಲಿ ತಿರುಗಿಸಿದರೆ ಹಿಂಬದಿ ಬಾಗಿಲೂ ತಳದ ತಟ್ಟೆಯೂ ಒಟ್ಟಿಗೇ ಕಳಚಿ ಕೈಗೆ ಬರುತ್ತವೆ, ಹಾಗಾಗಿ ಐವತ್ತು ವರ್ಷದಲ್ಲಿ ಒಂದರ ಬಾಗಿಲು ಇನ್ನೊಂದಕ್ಕೆ ಸೇರಿರುವುದು ಮಾಮೂಲು. ಬಾಡಿ, ಫೈಂಡರ್, ಬಾಗಿಲು ಮೂರನ್ನೂ ಬಿಸಿಲಿಗೆ ಹಿಡಿದು ಕಪ್ಪು ಒಂದೇ ತರಹ ಇದೆಯಾ, ಸವೆತ ಒಂದಕ್ಕೊಂದು ಹೊಂದುತ್ತದಾ ನೋಡಿ. ಬಾಡಿ ಸವೆದು ಹಿತ್ತಾಳೆ ಕಾಣುವಾಗ ಬಾಗಿಲು ಮಾತ್ರ ನಿನ್ನೆ ಬಂದ ಹಾಗಿದ್ದರೆ ಕೇಳಲೇಬೇಕು ಅಲ್ವಾ? ಬಾಗಿಲು ತೆಗೆದಾಗ ಶಟರ್ ಪರದೆಯ ಮೇಲೆ ಹೆಬ್ಬೆರಳಿನ ತಗ್ಗು ಇದೆಯಾ ಅಂತಲೂ ಕಣ್ಣು ಹಾಯಿಸಿ. ಮುಟ್ಟಬೇಡಿ. ಶಟರ್ ಡಯಲನ್ನು ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ, ಪರದೆ ಎಲ್ಲೂ ಸಿಕ್ಕಿಕೊಳ್ಳದೆ ಓಡಬೇಕು. ಇಷ್ಟಕ್ಕೆ ಬ್ಯಾಟರಿ ಬೇಡ.

ಕೊಂಡಾಯಿತು, ಕಾರವಾರಕ್ಕೆ ತಂದಿರಿ. ಇನ್ನು ಕಡಲ ಗಾಳಿಯ ಕಾಟ. ಟಾಗೋರ್ ಬೀಚಿಗೆ ಒಯ್ದ ದಿನ ಸಂಜೆಯೇ ಕೊಂಚ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ. ಇಲ್ಲದಿದ್ದರೆ ಸವೆದ ಮೂಲೆಯಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಹಿಡಿದರೂ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು, ಪಾಲಿಶ್ ಅಂತ ಹೋಗಬೇಡಿ, ಸುತ್ತಲಿನ ಅಸಲಿ ಬಣ್ಣವೂ ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಚರ್ಮದ ಕೇಸಿನಿಂದ ಹೊರಗೆ ತೆಗೆಯಿರಿ, ಆ ಕೇಸೇ ಬೂಸ್ಟಿನ ತವರು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ಅಡುಗೆಯ ಬಾಣಲೆ ಬೇಡ, ಹಳೆಯದೊಂದನ್ನು ಇದಕ್ಕೇ ಇಟ್ಟುಕೊಳ್ಳಿ.