ಕಾಡಿನೊಳಗೆ ಪುಟ್ಟ ಕ್ಯಾಬಿನ್: ಬರೆಯಲು, ಚಿತ್ರ ಬಿಡಿಸಲು ಒಂದು ಒಣ ಕೋಣೆ

ಕಾಡಿನ ಕ್ಯಾಬಿನ್ ಕೆಡುವುದು ಹೆಚ್ಚಾಗಿ ತೇವದಿಂದ. ನೆರಳಿನಲ್ಲಿ ನೆಲ ಬೇಗ ಆರುವುದಿಲ್ಲ, ಉದುರಿದ ಎಲೆ ನೀರನ್ನು ಹಿಡಿದಿಡುತ್ತದೆ. ಹಾಗಾಗಿ ನೀರಿನ ದಾರಿ ನೋಡಿಕೊಂಡೇ ನಕ್ಷೆ ಬರೆಯಬೇಕು.

ಮೊದಲು ಜಾಗ. ಜೋರು ಮಳೆ ನಿಂತ ಕೂಡಲೇ ಹೋಗಿ, ನೀರು ಹರಿದ ಮತ್ತು ನಿಂತ ಕಡೆ ಗೂಟ ಹೊಡೆಯಿರಿ, ಆ ಕಡೆ ಕಟ್ಟಬಾರದು. ಆಮೇಲೆ ತಲೆಯೆತ್ತಿ ನೋಡಿ. ಒಣಗಿದ ಕೊಂಬೆ, ವಾಲಿದ ಮರ, ಬುಡದಲ್ಲಿ ಅಣಬೆ ಎದ್ದ ಮರ ಬಿದ್ದರೆ ತಲುಪುವಷ್ಟು ದೂರದಲ್ಲಿ ಏನನ್ನೂ ಕಟ್ಟಬೇಡಿ. ಉಳಿಸಿಕೊಳ್ಳುವ ಮರದ ಕಾಂಡದ ವ್ಯಾಸವನ್ನು ಎದೆಮಟ್ಟದಲ್ಲಿ ಅಳೆದು 12ರಿಂದ ಗುಣಿಸಿ: 30 ಸೆಂ.ಮೀ. ಕಾಂಡಕ್ಕೆ ಸುತ್ತಲೂ 3.6 ಮೀಟರ್. ಅದರೊಳಗೆ ಅಗೆದರೆ ಬೇರು ಕಡಿದುಹೋಗುತ್ತದೆ, ಮರ ಸಾಯುವುದು ಕೆಲವು ವರ್ಷಗಳ ನಂತರ ಕಾಣುತ್ತದೆ.

3×4 ಮೀಟರ್ ಕೋಣೆಗೆ ಮೂರು ಸಾಲಿನಲ್ಲಿ 9 ಸ್ಕ್ರೂ ಪೈಲ್ (ಮಣ್ಣಿಗೆ ತಿರುಗಿಸಿ ಇಳಿಸುವ ಉಕ್ಕಿನ ಕಂಬ) ಸಾಕು. ಕಾಂಕ್ರೀಟ್ ಹಾಸು ಬೇಡ. ಪೈಲ್‌ಗಳನ್ನು ಮುಂದೆ ತಿರುಗಿಸಿ ಹೊರತೆಗೆಯಬಹುದು. ನೆಲಹಾಸು ಮಣ್ಣಿನಿಂದ 50–60 ಸೆಂ.ಮೀ. ಮೇಲಿರಲಿ, ಕೆಳಗೆ ತೆವಳಿ ಪರೀಕ್ಷಿಸಲು ಅಷ್ಟು ಎತ್ತರ ಬೇಕು. ಪ್ರತಿ ಪೈಲ್‌ನ ತಲೆಗೆ ಅಂಚು ಕೆಳಗೆ ಬಾಗಿದ ತಗಡಿನ ಟೋಪಿ ಕೂರಿಸಿ. ಅದು ಗೆದ್ದಲನ್ನು ಕೊಲ್ಲುವುದಿಲ್ಲ. ಹೊರಗೆ ಕಾಣುವಂತೆ ಮಣ್ಣಿನ ಸುರಂಗ ಕಟ್ಟಲೇಬೇಕಾದ ಸ್ಥಿತಿಗೆ ತರುತ್ತದೆ. ಕಂಡರೆ ಕೆರೆದು ಹಾಕಬಹುದು.

ಗೋಡೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಹಲಗೆಯನ್ನು ನೇರವಾಗಿ ಒಳಪದರಕ್ಕೆ ಬಿಗಿದರೆ ಹಿಂದೆ ಇಳಿದ ನೀರು ಅಲ್ಲೇ ಉಳಿದು ಕೊಳೆಸುತ್ತದೆ. ನಡುವೆ 25 ಮಿ.ಮೀ. ಲಂಬ ರೀಪು ಹೊಡೆದು, ಮೇಲೂ ಕೆಳಗೂ ಬಾಯಿ ತೆರೆದು ಕೀಟ ಜಾಲರಿ ಹಾಕಿ. ಮೇಲಿನ ಬಾಯಿ ಮುಚ್ಚಿದರೆ ಗಾಳಿ ಹರಿಯುವುದಿಲ್ಲ, ಶ್ರಮ ವ್ಯರ್ಥ. ಮರದ ತೇವಾಂಶ ಶೇ 18ಕ್ಕಿಂತ ಕಡಿಮೆಯಿರಲಿ. ಹಲಗೆಯ ಕತ್ತರಿಸಿದ ತುದಿ ನೀರು ಹೀರುವುದು ಜಾಸ್ತಿ, ಜೋಡಿಸುವ ಮೊದಲೇ ಅದಕ್ಕೆ ಬಣ್ಣ ಬಳಿಯಿರಿ.

ಸೂರು ನಾಲ್ಕೂ ಕಡೆ 75 ಸೆಂ.ಮೀ. ಚಾಚಲಿ. ಆಗ ಚಾವಣಿ ಸುಮಾರು 25 ಚದರ ಮೀಟರ್ ಆಗುತ್ತದೆ, 10 ಮಿ.ಮೀ. ಮಳೆಗೆ, ಸೋರಿಕೆ ಕಳೆದು, 200 ಲೀಟರ್ ನೀರು ಸಿಗುತ್ತದೆ. ತಗಡಿನಡಿ ಉಷ್ಣನಿರೋಧಕ ಪದರ ಮತ್ತು ಹಲಗೆ ಇಲ್ಲದಿದ್ದರೆ ಮಳೆಯ ಸದ್ದಿಗೆ ಕೆಲಸ ಸಾಗದು.

ಕಟ್ಟುವ ಉದ್ದೇಶವೇ ಮೇಜು, ಆದ್ದರಿಂದ ಮಂಚಕ್ಕಿಂತ ಮೊದಲು ಅದರ ಜಾಗ ಗೊತ್ತುಮಾಡಿ. ಉತ್ತರ ಗೋಲಾರ್ಧದಲ್ಲಿ ಉತ್ತರದ ಕಿಟಕಿ ವರ್ಷದ ಹೆಚ್ಚಿನ ಕಾಲ ದಿನವಿಡೀ ಸಮನಾದ ಬೆಳಕು ಕೊಡುತ್ತದೆ, ಚಿತ್ರಕಾರರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಲಿ. ದೊಡ್ಡ ಗಾಜಿಗೆ ಹಕ್ಕಿಗಳು ಬಡಿದು ಸಾಯುತ್ತವೆ. ಹೊರಮೈಯಲ್ಲಿ 5 ಸೆಂ.ಮೀ.ಗೊಂದರಂತೆ ಚುಕ್ಕಿ ಅಂಟಿಸಿ. ಎದುರು ಗೋಡೆಯ ಮೇಲ್ಭಾಗದಲ್ಲಿ ಸಣ್ಣ ಕಿಟಕಿಯಿದ್ದರೆ ಬಿಸಿಗಾಳಿ ತಾನೇ ಹೊರಹೋಗುತ್ತದೆ.

ಸೌರಫಲಕವನ್ನು ಚಾವಣಿಯ ಮೇಲಿಡುವುದು ಕಾಡಿನಲ್ಲಿ ತಪ್ಪು ಲೆಕ್ಕ. ಒಂದು ಕೊಂಬೆಯ ನೆರಳೂ ಉತ್ಪಾದನೆಯನ್ನು ಗಣನೀಯವಾಗಿ ಇಳಿಸುತ್ತದೆ. ಹತ್ತಿರದ ಬಯಲಲ್ಲಿ ನಿಲ್ಲಿಸಿ. ಲ್ಯಾಪ್‌ಟಾಪ್, ದೀಪ, ಸಣ್ಣ ಫ್ಯಾನಿಗೆ ದಿನಕ್ಕೆ ಸುಮಾರು 540 ವ್ಯಾಟ್-ಅವರ್ ಹಿಡಿದರೆ, 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ (ಒಟ್ಟು 1,280 ವ್ಯಾಟ್-ಅವರ್) ಮೋಡದ ಎರಡು ದಿನ ದೂಡುತ್ತದೆ.

ಶೌಚಾಲಯ ಮಲವನ್ನು ಗೊಬ್ಬರವಾಗಿಸುವ ಮಾದರಿಯದು, ಹಳ್ಳದಿಂದ ಕನಿಷ್ಠ 30 ಮೀಟರ್ ಆಚೆ. ಮೂತ್ರ ಬೇರೆ ಕೊಳವೆಯಲ್ಲಿ ಹೋಗಬೇಕು, ಪ್ರತಿ ಬಳಕೆಗೂ ಎರಡು ಹಿಡಿ ಒಣ ಮರದಪುಡಿ ಬೀಳಬೇಕು. ನಾತ ಬಂದರೆ ಸಾಮಾನ್ಯವಾಗಿ ಒಳಗೆ ದ್ರವ ಹೆಚ್ಚಾಗಿದೆ ಎಂದರ್ಥ: ಮೊದಲು ಕೊಳವೆ ಕಟ್ಟಿಕೊಂಡಿದೆಯೇ ನೋಡಿ, ಆಮೇಲೆ ಪುಡಿ ಸೇರಿಸಿ.