ಗಲಾಪಗೋಸ್‌ಗೆ ಹೋಗುವ ಮೊದಲು ಕೂರ್ಮಗಡಕ್ಕೆ ಹೋಗಿ ಬನ್ನಿ

ಗಲಾಪಗೋಸ್ ದ್ವೀಪಗಳನ್ನು ಹಡಗಿನಲ್ಲಿ ಸುತ್ತಿ ಬಂದ ಮೇಲೆ ಶಿರಸಿಯ ಭಾವನಿಂದ ಹಿಡಿದು ಬೈತಖೋಲ ಬಂದರಿನ ಚಹಾ ಅಂಗಡಿಯವರೆಗೆ ಎಲ್ಲರೂ ಕೇಳಿದ್ದು ಒಂದೇ ಮಾತು, ಎಷ್ಟು ಖರ್ಚಾಯ್ತು? ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಯಾವ ದಾರಿಯಲ್ಲಿ ಹೋದಿರಿ ಅಂತ ಒಬ್ಬರೂ ಕೇಳಲಿಲ್ಲ. ನಿಜಕ್ಕೂ ಕೇಳಬೇಕಾದ್ದು ಅದು. ಹಡಗಿನ ಫೋಟೋ, ರೂಮಿನ ಫೋಟೋ, ಮೇಲಿನ ಡೆಕ್ಕಿನ ಬಿಸಿನೀರಿನ ತೊಟ್ಟಿಯ ಫೋಟೋ ನೋಡಿ ದುಡ್ಡು ಕಟ್ಟಿದವರು ಅಲ್ಲಿಗೆ ಹೋಗಿ "ಪೆಂಗ್ವಿನ್ ಎಲ್ಲಿ?" ಅಂತ ಕೇಳುವುದನ್ನು ಕಣ್ಣಾರೆ ಕಂಡಿದ್ದೇನೆ. ದಾರಿ ಮೊದಲು ನೋಡಿ, ಹಡಗು ಆಮೇಲೆ, ರೂಮು ಎಲ್ಲಕ್ಕಿಂತ ಕೊನೆಗೆ.

ಈ ದ್ವೀಪಗಳು ಎಕ್ವಡಾರ್ ದೇಶದವು. ಆ ದೇಶದ ದಡದಿಂದ ಪಶ್ಚಿಮಕ್ಕೆ ಸುಮಾರು 1000 ಕಿ.ಮೀ. ದೂರ, ಪೆಸಿಫಿಕ್ ಸಾಗರದ ಮಧ್ಯೆ, ಸಮಭಾಜಕ ರೇಖೆಯ ಮೇಲೇ ಇವೆ. ಎಲ್ಲವೂ ಜ್ವಾಲಾಮುಖಿಯಿಂದ ಹುಟ್ಟಿದವು. ಅಡಿಯಲ್ಲಿ ಬಿಸಿ ಜಾಗ ಇದ್ದಲ್ಲೇ ಇದೆ, ಮೇಲಿನ ಭೂಮಿಯ ಹಾಸು ನಿಧಾನಕ್ಕೆ ಪೂರ್ವದ ಕಡೆ ಸರಿಯುತ್ತಿದೆ. ಹಾಗಾಗಿ ಪಶ್ಚಿಮಕ್ಕೆ ಹೋದಷ್ಟೂ ದ್ವೀಪ ಎಳೆಯದು. ಪಶ್ಚಿಮದ ತುದಿಯ ಫರ್ನಾಂಡಿನಾ 2024ರ ಮಾರ್ಚ್‌ನಲ್ಲೂ ಬೆಂಕಿ ಕಾರಿತ್ತು. ಪೂರ್ವದ ಎಸ್ಪಾನ್ಯೋಲಾಗೆ 30 ಲಕ್ಷ ವರ್ಷಕ್ಕಿಂತ ಜಾಸ್ತಿ ವಯಸ್ಸು, ಸವೆದು ತಗ್ಗಾಗಿ ಕೂತಿದೆ. ಇದನ್ನು ಯಾಕೆ ಹೇಳಿದೆ ಅಂದರೆ, ಯಾವ ಪ್ರಾಣಿ ಎಲ್ಲಿದೆ ಅನ್ನುವುದೂ ದ್ವೀಪದಿಂದ ದ್ವೀಪಕ್ಕೆ ಬೇರೆ.

ಒಂದು ಹಡಗು 14 ದಿನದೊಳಗೆ ಒಂದೇ ಜಾಗಕ್ಕೆ ಎರಡು ಸಲ ಹೋಗುವಂತಿಲ್ಲ ಅಂತ ಅಲ್ಲಿನ ರಾಷ್ಟ್ರೀಯ ಉದ್ಯಾನದ ನಿಯಮ. ಹಾಗಾಗಿ ಹೆಚ್ಚಿನ ಹಡಗುಗಳು ಒಂದು ವಾರ ಒಂದು ಸುತ್ತು, ಮುಂದಿನ ವಾರ ಇನ್ನೊಂದು ಸುತ್ತು ಹೊಡೆಯುತ್ತವೆ. ಒಂದೇ ವಾರದಲ್ಲಿ ಎಲ್ಲಾ ನೋಡುತ್ತೇನೆ ಅಂದರೆ ಆಗದು. ಪಶ್ಚಿಮದ ಸುತ್ತಿನಲ್ಲಿ ಫರ್ನಾಂಡಿನಾ ಮತ್ತು ಇಸಾಬೆಲಾ ಇರುತ್ತವೆ. ಪೆಂಗ್ವಿನ್, ಹಾರಲು ಬಾರದ ನೀರುಕಾಗೆ, ಉಡದಂಥ ಕಡಲ ಇಗ್ವಾನಾ ರಾಶಿ ರಾಶಿ ಬೇಕಿದ್ದರೆ ಇದೇ. ಅಲ್ಲಿ ಆಳದ ತಣ್ಣನೆಯ ಪ್ರವಾಹ ದ್ವೀಪಕ್ಕೆ ಬಡಿದು ಮೇಲಕ್ಕೆ ಬರುತ್ತದೆ, ಜೊತೆಗೆ ಮೀನಿಗೆ ಬೇಕಾದ ಮೇವೂ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲೂ ತಳದ ತಣ್ಣೀರು ಮೇಲೆ ಬಂದು ಬಂಗಡೆ, ತಾರ್ಲೆಗೆ ಮೇವಾಗುತ್ತದಲ್ಲ, ಅದೇ ಲೆಕ್ಕ. ಆಗ್ನೇಯದ ಸುತ್ತಿನಲ್ಲಿ ಎಸ್ಪಾನ್ಯೋಲಾ ಇದೆ, ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲಹಕ್ಕಿಗಳು ಇರುತ್ತವೆ. ಉತ್ತರದ ಹೆನೊವೇಸಾಗೆ ಹೋಗುವ ಹಡಗಾದರೆ ಕೆಂಪು ಕಾಲಿನ ಬೂಬಿ ಹಕ್ಕಿ ಸಿಗುತ್ತದೆ. ಅಲ್ಲಿ ಹಡಗು ಲಂಗರು ಹಾಕುವುದೇ ಕುಸಿದ ಜ್ವಾಲಾಮುಖಿಯ ಬಾಯೊಳಗೆ. ನಾವು ಪಶ್ಚಿಮ ಆರಿಸಿಕೊಂಡೆವು, ಆಲ್ಬಟ್ರಾಸ್ ತಪ್ಪಿತು. ಹೊಟ್ಟೆ ಉರಿ ಇದೆ, ಆದರೂ ಇನ್ನೊಮ್ಮೆ ಆರಿಸು ಅಂದರೆ ಪಶ್ಚಿಮವನ್ನೇ ಆರಿಸುತ್ತೇನೆ.

ದಿನದ ಲೆಕ್ಕದಲ್ಲಿ ಮೋಸಹೋಗಬೇಡಿ. "8 ದಿನ" ಅಂತ ಬರೆದಿದ್ದರೆ ಮೊದಲ ದಿನ ಮಧ್ಯಾಹ್ನ ಹತ್ತಿಸಿ ಕೊನೆಯ ದಿನ ತಿಂಡಿ ಆಗುತ್ತಿದ್ದಂತೆ ಇಳಿಸುತ್ತಾರೆ, ಪೂರ್ತಿ ಸಿಗುವುದು ಆರೇ ದಿನ. 4 ದಿನದ ಪ್ಯಾಕೇಜ್ ಅಂದರೆ ಕೈಗೆ ಬರುವುದು ಎರಡು. ಇಷ್ಟು ದೂರ ಹೋಗಿ ಎರಡು ದಿನ ನೋಡಿ ಬರುವುದಕ್ಕಿಂತ ದಾಂಡೇಲಿಗೆ ಹೋಗಿ ಮಂಗಟ್ಟೆ ಹಕ್ಕಿ ನೋಡುವುದು ವಾಸಿ.

ಹಡಗು ಸಣ್ಣದಿರಲಿ. 100 ಜನಕ್ಕಿಂತ ದೊಡ್ಡದಕ್ಕೆ ಅಲ್ಲಿ ಅವಕಾಶವೇ ಇಲ್ಲ, ಹೆಚ್ಚಿನವು 16 ಜನರವು. 16 ಜನಕ್ಕೆ ಒಬ್ಬ ಗೈಡ್ ಇರಲೇಬೇಕು, ಗೈಡ್ ಇಲ್ಲದೆ ಉದ್ಯಾನದ ಹೆಚ್ಚಿನ ಜಾಗಗಳಲ್ಲಿ ಹೆಜ್ಜೆ ಇಡುವಂತಿಲ್ಲ. ಸಣ್ಣ ಹಡಗಿನಲ್ಲಿ ದಡಕ್ಕೆ ಇಳಿಯಲು ಸರದಿ ಕಾಯಬೇಕಿಲ್ಲ. ಆದರೆ ಸಣ್ಣದು ಜಾಸ್ತಿ ಹೊಯ್ದಾಡುತ್ತದೆ. ಎರಡು ಒಡಲಿನ ಕ್ಯಾಟಮರಾನ್ ಸಿಕ್ಕರೆ ಒಳ್ಳೆಯದು, ಅಡ್ಡಡ್ಡ ತೂಗುವುದು ಕಡಿಮೆ. ರೂಮು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಮಧ್ಯ ತೆಗೆದುಕೊಳ್ಳಿ. ಇಂಜಿನ್ನಿನ ಗುಡುಗುಡು ಕೇಳಿಸುತ್ತದೆ, ಆದರೆ ಹೊಟ್ಟೆ ತೊಳಸುವುದು ಕಡಿಮೆ.

ಈಗ ಖರ್ಚು. ನಾವು ನಾಲ್ಕು ಏಜೆಂಟರನ್ನು ಕೇಳಿದಾಗ ತಲೆಗೆ ದಿನಕ್ಕೆ 350ರಿಂದ 800 ಡಾಲರ್‌ವರೆಗೆ ರೇಟು ಬಂತು. ವಿಮಾನ, ಹಡಗು, ಫೀಸು ಎಲ್ಲಾ ಸೇರಿ ಇಬ್ಬರಿಗೆ ಹನ್ನೊಂದು ಲಕ್ಷದ ಹತ್ತಿರ ಹೋಯಿತು. ಹೌದು, ಭಾವ ಕೂಡ ಹೀಗೇ ಬಾಯಿ ತೆರೆದ. ಹಡಗಿನ ರೇಟಿನ ಮೇಲೆ ಉದ್ಯಾನದ ಪ್ರವೇಶ ಫೀಸು ಬೇರೆ ಕಟ್ಟಬೇಕು, 2024ರ ಆಗಸ್ಟ್‌ನಿಂದ ವಿದೇಶಿಯರಿಗೆ 200 ಡಾಲರ್ ಆಗಿದೆ, ಮೊದಲು 100 ಇತ್ತು. ದ್ವೀಪದ ವಿಮಾನ ಹತ್ತುವ ಮೊದಲು, ಅಲ್ಲಿ ಹೋಗಿಬರುವವರ ಲೆಕ್ಕ ಇಡುವ ಇನ್ನೊಂದು 20 ಡಾಲರಿನ ಕಾರ್ಡ್ ಮಾಡಿಸಬೇಕು. ಎಕ್ವಡಾರ್‌ನಲ್ಲಿ ನಡೆಯುವುದೇ ಅಮೆರಿಕದ ಡಾಲರ್. ಚಿಲ್ಲರೆ ನೋಟು ಒಯ್ಯಿರಿ, ಅಂಗಡಿಯಲ್ಲಿ 100ರ ನೋಟು ತೋರಿಸಿದರೆ ಮುಖ ಗಂಟಿಕ್ಕುತ್ತಾರೆ.

ಕಾಗದಪತ್ರದಲ್ಲಿ ನಮ್ಮವರು ಮರೆಯುವುದು ಹಳದಿ ಜ್ವರದ ಲಸಿಕೆ. ಎಕ್ವಡಾರ್‌ನಿಂದ ವಾಪಸ್ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲಿ ಆ ಸರ್ಟಿಫಿಕೇಟು ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆ ಮಾತ್ರ ಸರ್ಟಿಫಿಕೇಟಿಗೆ ಬೆಲೆ. ಇದು ಊರಿನ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ, ಅದಕ್ಕೆ ಒಂದು ದಿನ ಬೇರೆಯೇ ಎತ್ತಿಡಿ. ಅರವತ್ತು ದಾಟಿದವರು ಮೊದಲು ಡಾಕ್ಟರನ್ನು ಕೇಳಿ. ವೀಸಾ ನಿಯಮವನ್ನು ದೆಹಲಿಯ ಎಕ್ವಡಾರ್ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳಿ, ಸಂಬಂಧಿಕರ ಮಾತು ನಂಬಿ ಟಿಕೆಟ್ ಮಾಡಬೇಡಿ. ಅಮೆರಿಕದ ಮೇಲೆ ಹೋಗುವುದಾದರೆ ಬರೀ ವಿಮಾನ ಬದಲಿಸಲಿಕ್ಕೂ ಅವರ ವೀಸಾ ಬೇಕು. ನಾವು ಯುರೋಪ್ ಮೇಲೆ ಹೋಗಿ ಎಕ್ವಡಾರ್ ರಾಜಧಾನಿ ಕೀಟೊ ಮುಟ್ಟಿದೆವು, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಗಲಾಪಗೋಸ್‌ನ ಬಾಲ್ಟ್ರಾ ದ್ವೀಪ. ಹಡಗು ಹತ್ತುವ ಹಿಂದಿನ ದಿನವಾದರೂ ಕೀಟೊದಲ್ಲಿರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಯಾವಾಗ ಹೋಗಬೇಕು? ಡಿಸೆಂಬರ್‌ನಿಂದ ಮೇವರೆಗೆ ಸೆಕೆ, ಆಗಾಗ ಮಳೆ, ನೀರು ಬೆಚ್ಚಗೆ, ಸಮುದ್ರ ಶಾಂತ. ಜೂನ್‌ನಿಂದ ನವೆಂಬರ್‌ವರೆಗೆ ತಂಪು, ಮೋಡ, ತುಂತುರು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಮುದ್ರ ಎದ್ದಿರುತ್ತದೆ, ಆದರೆ ಮೇವು ಜಾಸ್ತಿ ಇರುವ ಕಾಲ ಅದೇ. ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ.

ಎದ್ದ ಸಮುದ್ರದ ಫಲ ಅನುಭವಿಸಿದೆವು ಕೂಡ. ನಾನು ಕೋಡಿಬಾಗದಲ್ಲಿ ಬೆಳೆದವನು, ಹುಟ್ಟಿದಾಗಿನಿಂದ ಸಮುದ್ರ ನೋಡಿದ್ದೇನೆ, ನನಗೆಂತ ಮಾತ್ರೆ ಅಂತ ಜಂಬ ಕೊಚ್ಚಿದ್ದೆ. ನನ್ನ ಹೆಂಡತಿ ಶಿರಸಿಯವಳು, ದೇವಿಮನೆ ಘಟ್ಟ ಶುರುವಾಗುವ ಮೊದಲೇ ಬಸ್ಸಿನ ಕಿಟಕಿ ಸೀಟು ಹಿಡಿಯುವವಳು. ಅವಳು ಡಾಕ್ಟರ್ ಹೇಳಿದಂತೆ ಹಡಗು ಹೊರಡುವ ಒಂದು ತಾಸು ಮೊದಲು ಮಾತ್ರೆ ನುಂಗಿ ಮಲಗಿದಳು. ರಾತ್ರಿ ಹನ್ನೆರಡಕ್ಕೆ ಬಕೆಟ್ ಹಿಡಿದುಕೊಂಡು ಕೂತವನು ನಾನು. ದಡದಲ್ಲಿ ನಿಂತು ಸಮುದ್ರ ನೋಡುವುದೇ ಬೇರೆ, ರಾತ್ರಿಯಿಡೀ ಅದರ ಮೇಲೆ ಮಲಗುವುದೇ ಬೇರೆ ಅಲ್ವಾ. ದೊಡ್ಡ ಪ್ರಯಾಣವೆಲ್ಲಾ ರಾತ್ರಿಯೇ ನಡೆಯುತ್ತದೆ. ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಅದಕ್ಕೇ ಹೇಳುವುದು, ಇಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಜನವರಿಯಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಕಾರವಾರದಿಂದ ದೋಣಿಯಲ್ಲಿ ಹೋಗುತ್ತಾರಲ್ಲ, ಹೋಗಿ ಬನ್ನಿ. ಜಾತ್ರೆ ತಪ್ಪಿದರೆ ದೇವಬಾಗದ ಕಡೆ ಡಾಲ್ಫಿನ್ ತೋರಿಸುವ ದೋಣಿ ಸಾಕು. ತೇಲುವ ದೋಣಿಯಿಂದ ಕಲ್ಲಿನ ಮೇಲೆ ಕಾಲಿಡುವುದನ್ನು ಕಲಿಯಿರಿ. ಗಲಾಪಗೋಸ್‌ನಲ್ಲಿ ದಿನಕ್ಕೆ ಆರೇಳು ಸಲ ಈ ಕೆಲಸ ಇರುತ್ತದೆ, ಹಡಗಿನಿಂದ "ಪಾಂಗಾ" ಅನ್ನುವ ರಬ್ಬರ್ ದೋಣಿಗೆ, ಅಲ್ಲಿಂದ ಕಲ್ಲಿಗೆ ಅಥವಾ ಮೊಣಕಾಲುದ್ದ ನೀರಿಗೆ. ಕೈ ಕೊಡುವಾಗ ಅಂಗೈಗೆ ಅಂಗೈ ಕೊಡಬೇಡಿ, ಒದ್ದೆ ಕೈ ಜಾರುತ್ತದೆ. ನೀವು ಅವರ ಮುಂಗೈ ಹಿಡಿಯಬೇಕು, ಅವರು ನಿಮ್ಮ ಮುಂಗೈ ಹಿಡಿಯುತ್ತಾರೆ, ಆಗ ಒಬ್ಬರ ಹಿಡಿತ ಬಿಟ್ಟರೂ ಇನ್ನೊಬ್ಬರದು ಇರುತ್ತದೆ. ಇನ್ನೊಂದು ಕೈ ಖಾಲಿ ಇರಬೇಕು, ಕ್ಯಾಮೆರಾ ಚೀಲದೊಳಗೆ. ಅಲೆ ದೋಣಿಯನ್ನು ಮೇಲಕ್ಕೆ ಎತ್ತಿದಾಗ ಹೆಜ್ಜೆ ಇಡಿ, ಇಳಿಯುವಾಗ ಅಲ್ಲ. ಮಂಡಿ ನೋವಿದ್ದವರು ಇದನ್ನು ಮೊದಲೇ ಯೋಚಿಸಿ.

ನೀರಿನೊಳಗೆ ಮುಖ ಹಾಕಿ ಉಸಿರಾಡುವ ಸ್ನಾರ್ಕೆಲ್ ಅಭ್ಯಾಸಕ್ಕೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ, ಮಳೆಗಾಲ ಬಿಟ್ಟು. ಅಲ್ಲಿ ಧೈರ್ಯ ಬಂದರೆ ಗಲಾಪಗೋಸ್‌ನಲ್ಲಿ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ಚಳಿ. ಪಶ್ಚಿಮದಲ್ಲಿ ನಾವಿದ್ದಾಗ ನೀರು 18 ಡಿಗ್ರಿ ಆಸುಪಾಸು, ನಮ್ಮ ಕಡಲಿನಲ್ಲಿ ಇಳಿದವರಿಗೆ ಮೈ ಝುಂ ಅನ್ನುತ್ತದೆ. ಹಡಗಿನಲ್ಲಿ ಬಾಡಿಗೆಗೆ ಸಿಗುವ ದಪ್ಪ ಈಜುಡುಗೆ ಉದ್ದ ತೋಳಿನದೇ ತೆಗೆದುಕೊಳ್ಳಿ.

ಬ್ಯಾಗಿಗೆ ತುಂಬುವುದು ಕಡಿಮೆ ಇರಲಿ. ಹಗ್ಗ ಇರುವ ಟೋಪಿ, ಒದ್ದೆಯಾದರೂ ಜಾರದ ಚಪ್ಪಲಿ, ನೀರು ಒಳಗೆ ಹೋಗದ ಚೀಲ, ಒಂದು ಬೈನಾಕ್ಯುಲರ್. ಹಣ್ಣು, ಬೀಜ, ಗಿಡ, ಮಣ್ಣು ಯಾವುದೂ ದ್ವೀಪಕ್ಕೆ ಹೋಗಬಾರದು, ಕೀಟೊದಲ್ಲೇ ಬ್ಯಾಗು ತಪಾಸಣೆ ಮಾಡಿ ಸೀಲ್ ಹಾಕುತ್ತಾರೆ. ಮಳೆಗಾಲದಲ್ಲಿ ತೋಟ ಸುತ್ತಿದ ಬೂಟು ಇದ್ದರೆ ಅಡಿಯ ಮಣ್ಣು ಉಜ್ಜಿ ತೊಳೆದಿಡಿ. ಅತ್ತೆ "ಅಲ್ಲಿ ಊಟಕ್ಕೆ ಎಂತ ಸಿಕ್ತೋ ಏನೋ" ಅಂತ ಒಂದು ಬಾಟಲಿ ಅಪ್ಪೆಮಿಡಿ ಇಟ್ಟುಕೊಟ್ಟಿದ್ದರು. ತಪಾಸಣೆಯ ಹೆಂಗಸು ಬಾಟಲಿ ಬೆಳಕಿಗೆ ಹಿಡಿದು, ತಿರುಗಿಸಿ, ಒಳಗಿನ ಮಿಡಿಯನ್ನು ಬೆರಳಲ್ಲಿ ತೋರಿಸಿ "ಸೆಮಿಯಾ?" ಅಂದಳು. ಬೀಜವಾ ಅಂತ. ಇಡೀ ಮಾವಿನಮಿಡಿಯಲ್ಲಿ ಬೀಜ ಇಲ್ಲ ಅಂತ ಹೇಗೆ ಹೇಳುವುದು? ಬಾಟಲಿ ಅಲ್ಲೇ ಉಳಿಯಿತು. ಮನೆಯಲ್ಲಿ ಈ ವಿಷಯ ಇನ್ನೂ ಹೇಳಿಲ್ಲ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹತ್ತಿದ ಮೇಲೆ ಅಡುಗೆಯವನಿಗೆ ಬಾಯಲ್ಲೂ ಹೇಳಿ. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ, ಆದರೆ ಅಷ್ಟೇ ಹೇಳಿದರೆ ಕೋಳಿ ಬರಬಹುದು. "ಸಿನ್ ಪೋಯೊ, ಸಿನ್ ಪೆಸ್ಕಾದೊ" ಅಂತ ಸೇರಿಸಿ, ಕೋಳಿಯೂ ಬೇಡ ಮೀನೂ ಬೇಡ. ಅನ್ನ, ಬೀನ್ಸು, ಬಾಳೆಕಾಯಿ ಬೇಕಾದಷ್ಟು ಸಿಗುತ್ತದೆ. ಖಾರ ಮಾತ್ರ ಇಲ್ಲ.

ದ್ವೀಪದ ಮೇಲೆ ಹೋದಾಗ ಪ್ರಾಣಿಯಿಂದ 2 ಮೀಟರ್ ದೂರ ಇರಬೇಕು, ಫ್ಲ್ಯಾಶ್ ಹಾಕುವಂತಿಲ್ಲ, ದಾರಿ ಬಿಟ್ಟು ಹೋಗುವಂತಿಲ್ಲ. ಕಷ್ಟ ಏನೆಂದರೆ ನೀವು ದೂರ ಇದ್ದರೂ ಅವು ಇರುವುದಿಲ್ಲ. ಕಡಲಸಿಂಹದ ಮರಿ ಬಂದು ಚಪ್ಪಲಿ ಮೂಸುತ್ತದೆ. ಮುಟ್ಟಬೇಡಿ, ನಮ್ಮ ವಾಸನೆ ಹತ್ತಿದರೆ ತಾಯಿ ಹತ್ತಿರ ಸೇರಿಸದೆ ಹೋಗಬಹುದು ಅಂತ ಗೈಡ್ ಹೇಳಿದ. ಸುಮ್ನೆ ಹಿಂದೆ ಸರಿಯಿರಿ. ದಪ್ಪ ಕುತ್ತಿಗೆಯ ಗಂಡು ಕಂಡರಂತೂ ಇನ್ನೂ ದೂರ.

ಫರ್ನಾಂಡಿನಾದಲ್ಲಿ ಓಡಾಡದೆ ಒಂದೇ ಕಡೆ ಕೂತುಬಿಡಿ. ನಾನು ಕಪ್ಪು ಲಾವಾ ಬಂಡೆಯ ಹತ್ತಿರ ಹತ್ತು ನಿಮಿಷ ಕೂತ ಮೇಲೆ ಗೊತ್ತಾಯಿತು, ಎದುರಿಗಿದ್ದದ್ದು ಬರೀ ಬಂಡೆಯಲ್ಲ, ಒಂದರ ಮೇಲೊಂದು ಬಿದ್ದುಕೊಂಡ ನೂರಾರು ಇಗ್ವಾನಾ. ನೋಡಲು ನಮ್ಮ ಉಡದ ಹಾಗೆ, ಆದರೆ ಸಮುದ್ರಕ್ಕೆ ಇಳಿದು ಪಾಚಿ ಮೇಯುತ್ತವೆ. ಮೇವಿನ ಜೊತೆ ಒಳಗೆ ಹೋದ ಉಪ್ಪನ್ನು ಮೂಗಿನಿಂದ "ಫುಸ್" ಅಂತ ಸೀನಿ ಹೊರಹಾಕುತ್ತವೆ, ಅದು ಅವುಗಳ ತಲೆ ಮೇಲೇ ಬಿದ್ದು ಒಣಗಿ ಸಾಣಿಕಟ್ಟಾ ಉಪ್ಪು ಎರಚಿದಂತೆ ಬೆಳ್ಳಗೆ ಕಾಣುತ್ತದೆ. ಪಕ್ಕದಲ್ಲೇ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ನಿಂತಿತ್ತು, ಕಾಳಿ ಅಳಿವೆಯಲ್ಲಿ ಬಲೆಯ ಕಂಬದ ಮೇಲೆ ದಿನಾ ನೋಡುವಂಥದ್ದೇ ಭಂಗಿ. ರೆಕ್ಕೆ ಮಾತ್ರ ಹರಿದ ಕೊಡೆಯಷ್ಟು ಮೋಟು. ಹಾರುವ ಅಗತ್ಯವೇ ಬೀಳದೆ ರೆಕ್ಕೆ ಸಣ್ಣದಾಗುತ್ತಾ ಬಂದಿದೆ, ಆದರೂ ಒಣಗಿಸುವ ಚಾಳಿ ಬಿಟ್ಟಿಲ್ಲ.

ಫೋನ್ ಬಗ್ಗೆ ಮನೆಯವರಿಗೆ ಮೊದಲೇ ಹೇಳಿ ಹೋಗಿ, ಎಷ್ಟೋ ದಿನ ಸಿಗ್ನಲ್ ಇರುವುದಿಲ್ಲ. ದ್ವೀಪದಲ್ಲಿ ಬೆಳಿಗ್ಗೆ ಏಳು ಅಂದರೆ ನಮ್ಮಲ್ಲಿ ಅದೇ ದಿನ ಸಂಜೆ ಆರೂವರೆ.

ನಿಮ್ಮ ಸುತ್ತಿನಲ್ಲಿ ಫ್ಲೋರಿಯಾನಾ ಇದ್ದರೆ ಒಂದು ಪೋಸ್ಟ್‌ಕಾರ್ಡ್ ಒಯ್ಯಿರಿ. ಹಿಂದೆ ತಿಮಿಂಗಿಲ ಬೇಟೆಯ ಹಡಗಿನವರು ಅಲ್ಲಿ ಒಂದು ಪೀಪಾಯಿ ಇಟ್ಟು ಪತ್ರ ಹಾಕುತ್ತಿದ್ದರು, ಊರ ಕಡೆ ಹೋಗುವ ಹಡಗಿನವರು ಎತ್ತಿಕೊಂಡು ಹೋಗುತ್ತಿದ್ದರು. ಈಗಲೂ ಪೀಪಾಯಿ ಇದೆ. ಸ್ಟಾಂಪು ಬೇಡ. ನೀವು ನಿಮ್ಮದನ್ನು ಹಾಕಿ, ಒಳಗಿನ ರಾಶಿಯಲ್ಲಿ ನಿಮ್ಮ ಊರಿನ ಹತ್ತಿರದ್ದು ಸಿಕ್ಕರೆ ತಂದು ಕೈಯಾರೆ ಮುಟ್ಟಿಸಬೇಕು. ನಾವು ಅರ್ಧ ತಾಸು ಕೆದಕಿದರೂ ಹುಬ್ಬಳ್ಳಿಯಿಂದ ಈಚೆಗಿನದು ಒಂದೂ ಇರಲಿಲ್ಲ. ಭಾವನ ವಿಳಾಸ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಹಾಕಿ ಬಂದಿದ್ದೇನೆ, ಇನ್ನೂ ಮುಟ್ಟಿಲ್ಲ. ನೀವು ಹೋದಾಗ ರಾಶಿಯಲ್ಲಿ 581401 ಪಿನ್ ಕೋಡ್ ಕಂಡರೆ ತೆಗೆದುಕೊಂಡು ಬನ್ನಿ, ಶಿರಸಿಗೆ ಬಂದಾಗ ಊಟ ಭಾವನ ಮನೆಯಲ್ಲಿ.