ಮುರ್ಮಾನ್ಸ್ಕ್‌ಗೆ ಹೊರಡುವ ಮೊದಲು

ವೈದ್ಯಕೀಯ ಓದಿಗೋ ಕೆಲಸಕ್ಕೋ ರಷ್ಯಾಕ್ಕೆ ಬಂದ ನಮ್ಮ ಹುಡುಗ ಹುಡುಗಿಯರು ಮೊದಲ ಚಳಿಗಾಲದಲ್ಲೇ ಧ್ರುವಪ್ರಭೆ, ಅಂದರೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು (ನಾರ್ದರ್ನ್ ಲೈಟ್ಸ್) ನೋಡಲು ಮುರ್ಮಾನ್ಸ್ಕ್‌ಗೆ ಹೊರಡುತ್ತಾರೆ. ಹೋಗಿ, ಖಂಡಿತ ಹೋಗಿ. ಆದರೆ ಶುಕ್ರವಾರ ಹೊರಟು ಸೋಮವಾರ ತರಗತಿಗೆ ಮರಳುವ ಲೆಕ್ಕ ಬೇಡ. ಆರ್ಕ್ಟಿಕ್ ವೃತ್ತದಿಂದಲೂ ಮೇಲಿರುವ ಊರದು. ಮೋಡ ಸರಿಯದಿದ್ದರೆ ಏನೂ ಕಾಣದು. ನಾಲ್ಕು ರಾತ್ರಿಗಳನ್ನಾದರೂ ಇಟ್ಟುಕೊಳ್ಳಿ. ಧ್ರುವಪ್ರಭೆ ಕಂಡೇ ಕಾಣುತ್ತದೆ ಎಂದು ಖಾತರಿ ಕೊಟ್ಟು ಹಣ ಕೇಳುವವರನ್ನು ನಂಬಬೇಡಿ.

ಸೆಪ್ಟೆಂಬರ್‌ನಿಂದ ಏಪ್ರಿಲ್ ಆರಂಭದವರೆಗೆ ಅದರ ಕಾಲ. ಡಿಸೆಂಬರ್ ಆರಂಭದಿಂದ ಜನವರಿ 11ರ ಸುಮಾರಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ನಡುಹಗಲಿಗೆ ನೀಲಿ ಮಬ್ಬು ಬೆಳಕಷ್ಟೇ. ಹೊಸವರ್ಷದ ರಜೆಯಲ್ಲಿ ಕೊಠಡಿಗಳ ಬಾಡಿಗೆಯೂ ಏರಿರುತ್ತದೆ. ನನ್ನನ್ನು ಕೇಳಿದರೆ ಮಾರ್ಚ್ ಒಳ್ಳೆಯದು: ರಾತ್ರಿ ಸಾಕಷ್ಟು ಕತ್ತಲೆ, ಹಗಲು ತಿರುಗಾಡಲು ಬಿಸಿಲು. ಇನ್ನೊಂದು ಮಾತು, ಮಂದವಾದ ಪ್ರಭೆ ಕಣ್ಣಿಗೆ ಬೂದು ಮೋಡದ ಪಟ್ಟಿಯಂತೆ ಕಾಣುತ್ತದೆ. ಕ್ಯಾಮೆರಾ ಹಿಡಿದರೆ ಹಸಿರು ಗೊತ್ತಾಗುತ್ತದೆ. ಮೋಡವೆಂದು ಒಳಗೆ ಹೋಗಿಬಿಡಬೇಡಿ.

ಮಾಸ್ಕೋದಿಂದ ರೈಲಿನಲ್ಲಿ ಸುಮಾರು ಒಂದೂವರೆ ದಿನ, ವಿಮಾನದಲ್ಲಿ ಎರಡೂವರೆ ಗಂಟೆ. ಸಮಯವಿದ್ದರೆ ರೈಲೇ ಚೆನ್ನ. ಪ್ರತಿ ಬೋಗಿಯಲ್ಲೂ ಕುದಿನೀರಿನ ಹಂಡೆ ಇರುತ್ತದೆ. ಗೊಜ್ಜವಲಕ್ಕಿ ಪುಡಿ, ಉಪ್ಪಿಟ್ಟಿನ ಪೊಟ್ಟಣ, ಮುಚ್ಚಳವಿರುವ ಸ್ಟೀಲ್ ಡಬ್ಬಿ ಇದ್ದರೆ ದಾರಿಯ ಊಟದ ಚಿಂತೆಯೇ ಇಲ್ಲ. ಸಸ್ಯಾಹಾರಿಗಳು ಬೋರ್ಶ್ಚ್ ಸೂಪನ್ನು ಬೀಟ್‌ರೂಟ್ ಸಾರೆಂದು ತಿಳಿದು ತರಿಸಬೇಡಿ, ಸಾಮಾನ್ಯವಾಗಿ ಅದು ಮಾಂಸದ ನೀರಿನಲ್ಲಿ ಬೆಂದಿರುತ್ತದೆ. 'ಬೆಜ್ ಮ್ಯಾಸ, ಬೆಜ್ ರೀಬಿ' ಎಂದರೆ ಮಾಂಸ, ಮೀನು ಬೇಡವೆಂದು ಅರ್ಥ. ಆಲೂಗಡ್ಡೆ ತುಂಬಿದ ವರೇನಿಕಿ ಎಂಬ ಕಡುಬು ಹೊಟ್ಟೆ ತುಂಬಿಸುತ್ತದೆ.

ಬೆಚ್ಚಗಿನ ಸಾಗರ ಪ್ರವಾಹದಿಂದಾಗಿ ಇಲ್ಲಿನ ಬಂದರು ಹೆಪ್ಪುಗಟ್ಟುವುದಿಲ್ಲ. ಸೈಬೀರಿಯದಷ್ಟು ಚಳಿಯೂ ಇಲ್ಲ. ಜನವರಿಯ ಸರಾಸರಿ ಮೈನಸ್ 10 ಡಿಗ್ರಿ ಸುಮಾರು. ಆದರೆ ಅದೇ ಸಮುದ್ರದ ತೇವದ ಗಾಳಿ ಎಲುಬಿಗೆ ತಾಗುತ್ತದೆ, ಒಮ್ಮೊಮ್ಮೆ ಮೈನಸ್ 30ರತ್ತಲೂ ಇಳಿಯುತ್ತದೆ. ಒಳಗೆ ಹತ್ತಿ ಬನಿಯನ್ ಬೇಡ, ಬೆವರಿದರೆ ಒದ್ದೆಯಾಗಿ ಮೈ ಕೊರೆಯುತ್ತದೆ. ಉಣ್ಣೆ ಅಥವಾ ಥರ್ಮಲ್ ಉಡುಪು ಧರಿಸಿ. ಬೂಟು ಒಂದು ಅಳತೆ ದೊಡ್ಡದಿರಲಿ, ಬೆರಳುಗಳು ಆಡಬೇಕು. ಊರು ಗುಡ್ಡದ ಮೇಲಿದೆ, ಇಳಿಜಾರುಗಳಲ್ಲಿ ಮಂಜುಗಡ್ಡೆ ಗಾಜಿನಂತೆ ಜಾರುತ್ತದೆ. ಬೂಟಿನ ಅಡಿಗೆ ತೊಡಿಸುವ ಮುಳ್ಳುಪಟ್ಟಿ ಕೊಳ್ಳಿ. ಮೊಬೈಲ್ ಒಳಜೇಬಿನಲ್ಲಿರಲಿ, ಹೊರಗಿಟ್ಟರೆ ಬ್ಯಾಟರಿ ಸಾಯುತ್ತದೆ.

ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡ್‌ಗಳು 2022ರ ಮಾರ್ಚ್‌ನಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ಊರಿನಿಂದ ನೋಡಲು ಬರುವ ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಹೇಳಿ, ನಗದು ತರಲಿ. ವಿದೇಶಿಯರು ಎಲ್ಲಿ ತಂಗಿದ್ದಾರೆಂಬ ಸರ್ಕಾರಿ ನೋಂದಣಿಯನ್ನು ಹೋಟೆಲಿನವರೇ ಮಾಡುತ್ತಾರೆ. ಮರಳಿದ ಕೂಡಲೇ ಹಾಸ್ಟೆಲ್ ಕಚೇರಿಗೆ ತಿಳಿಸಿ.

ನಕ್ಷೆಯಲ್ಲಿ ರಸ್ತೆ ಕಂಡಿತೆಂದು ಎಲ್ಲೆಂದರಲ್ಲಿ ಹೋಗುವಂತಿಲ್ಲ. ಪಕ್ಕದ ಸೆವೆರೊಮೋರ್ಸ್ಕ್ ನೌಕಾಪಡೆಯ ಮುಚ್ಚಿದ ಪಟ್ಟಣ. ನಾರ್ವೆ ಗಡಿಯತ್ತ ಇರುವ ನಿಕೆಲ್ ಎಂಬ ಊರಿನ ಕಡೆಗೂ ಅನುಮತಿ ಬೇಕು. ಬದಲಿಗೆ ಬಂದರಿನಲ್ಲೇ ನಿಂತಿರುವ 'ಲೆನಿನ್' ಹಡಗು ನೋಡಿ. 1959ರಲ್ಲಿ ಸೇವೆಗೆ ಸೇರಿದ, ಜಗತ್ತಿನ ಮೊದಲ ಪರಮಾಣು ಚಾಲಿತ ಹಿಮಭಂಜಕ ಅದು.

ಬ್ಯಾರೆಂಟ್ಸ್ ಸಮುದ್ರದ ದಂಡೆಯ ತೆರಿಬೆರ್ಕಾ ಹಳ್ಳಿಗೆ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಹಿಮಗಾಳಿ ಎದ್ದರೆ ರಸ್ತೆ ಮುಚ್ಚುತ್ತಾರೆ, ಒಮ್ಮೊಮ್ಮೆ ದಿನಗಟ್ಟಲೆ. ಹಾಗಾಗಿ ಅಲ್ಲಿಗೆ ಹೋದ ಮರುದಿನವೇ ವಿಮಾನದ ಟಿಕೆಟ್ ಇರಬಾರದು. ಒಂದೇ ದಿನದ ಪ್ರವಾಸವಾದರೂ ಔಷಧಿ, ಪವರ್ ಬ್ಯಾಂಕ್, ಇನ್ನೊಂದು ದಿನದ ಊಟ ಚೀಲದಲ್ಲಿರಲಿ. ಚಾಲಕ ಬೇಡವೆಂದರೆ ಒತ್ತಾಯ ಮಾಡದೆ ಅಲ್ಲೇ ಉಳಿಯಿರಿ, ತುರ್ತಿಗೆ 112.